ಮಲೆನಾಡ ಮನೆಯಲ್ಲಿ ಒಳ್ಳೆ ಕಾಫಿ: ಸೋಸುಬಟ್ಟೆಯಿಂದ ಮೋಕಾ ಪಾಟ್‌ವರೆಗೆ

ನಮ್ಮ ಊರು ತೀರ್ಥಹಳ್ಳಿ ಕಡೆ. ಅಡಿಕೆ ತೋಟದ ನಡುವೆ ಒಂದಷ್ಟು ಕಾಫಿ ಗಿಡ ಇದ್ದವು, ಈಗಲೂ ಇವೆ. ಹಾಗಂತ ಮನೆಯಲ್ಲಿ ಒಳ್ಳೆ ಕಾಫಿ ಕುಡಿಯುತ್ತಿದ್ದೆವು ಅಂದುಕೊಳ್ಳಬೇಡಿ. ಚೆನ್ನಾಗಿ ಹಣ್ಣಾದ ಬೀಜವೆಲ್ಲ ಮೂಟೆ ಕಟ್ಟಿ ವ್ಯಾಪಾರಿಗೆ ಹೋಗುತ್ತಿತ್ತು. ಗಿಡದ ಬುಡದಲ್ಲಿ ಉದುರಿದ್ದು, ಒಣಗಿ ಕಪ್ಪಾಗಿದ್ದು ಮನೆಗೆ. ಅಜ್ಜಿ ಅದನ್ನೇ ಬಾಣಲೆಯಲ್ಲಿ ಕರ್ರಗೆ ಹುರಿದು, ಮೂರು ತಿಂಗಳಿಗೆ ಆಗುವಷ್ಟು ಪುಡಿ ಮಾಡಿಸಿ ಡಬ್ಬಿ ತುಂಬುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಪುಡಿಯಲ್ಲಿ ಡಬ್ಬಿಯ ವಾಸನೆ ಬಿಟ್ಟರೆ ಬೇರೇನೂ ಉಳಿದಿರುತ್ತಿರಲಿಲ್ಲ. ಆದರೂ ಬೆಲ್ಲ ಹಾಕಿ ಕುಡಿಯುತ್ತಿದ್ದೆವು. ಮಳೆ ಹಾಗಿತ್ತು.

ಈಗ ಮನೆ ಶಿವಮೊಗ್ಗದಲ್ಲಿ. ಅಡುಗೆಮನೆಯ ಒಂದು ಕಪಾಟಿನ ತುಂಬ ಕಾಫಿ ಪಾತ್ರೆಗಳು. ಪ್ರತಿಯೊಂದನ್ನೂ ಕೊಂಡು, ಅದರಲ್ಲಿ ಹತ್ತಾರು ಸಲ ಕಾಫಿ ಕೆಡಿಸಿ, ಬೈಸಿಕೊಂಡು ಕಲಿತಿದ್ದೇನೆ. ಕೆಟ್ಟ ಕಾಫಿಗೆ ಪಾತ್ರೆ ಕಾರಣವಾಗಿದ್ದು ತೀರಾ ಕಡಿಮೆ. ಪುಡಿ ಹಳೆಯದಾಗಿರುತ್ತಿತ್ತು, ಇಲ್ಲವೇ ಆ ಪಾತ್ರೆಗೆ ಹೊಂದದ ತರಿ ಆಗಿರುತ್ತಿತ್ತು, ಇಲ್ಲವೇ ಕಣ್ಣಳತೆಯಲ್ಲಿ ಸುರಿದಿರುತ್ತಿದ್ದೆ. ಅದಕ್ಕೇ ಮೊದಲು ಪುಡಿಯ ಮಾತು. ಪಾತ್ರೆ ಆಮೇಲೆ.

ಪುಡಿ ಅಂಗಡಿಯಲ್ಲಿ

ಶಿವಮೊಗ್ಗದ ಗಾಂಧಿ ಬಜಾರ್ ಕಡೆ ಹೋದಾಗ ಕಾಫಿ ಪುಡಿ ಅಂಗಡಿಯ ಮುಂದೆ ಎರಡು ನಿಮಿಷ ಸುಮ್ನೆ ನಿಲ್ಲಿ. ಬೀಜ ಹುರಿದು ಅಲ್ಲೇ ಬೀಸಿ ಕೊಡುವ ಅಂಗಡಿ ಆದರೆ ಪರಿಮಳ ರಸ್ತೆಗೇ ಬರುತ್ತದೆ. ಅಲ್ಲಿ ಕೇಳಬೇಕಾದದ್ದು ನಾಲ್ಕೇ ಪ್ರಶ್ನೆ. ಯಾವತ್ತು ಹುರಿದಿದ್ದು? ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು? ಚಿಕೋರಿ ಎಷ್ಟು? ನನಗೆ ಬೇಕಾದ ತರಿಯಲ್ಲಿ ಬೀಸಿಕೊಡ್ತೀರಾ?

ಅರೇಬಿಕಾದಲ್ಲಿ ಪರಿಮಳ ಜಾಸ್ತಿ, ಜೊತೆಗೆ ಒಂದು ತೆಳು ಹುಳಿ. ರೋಬಸ್ಟಾದಲ್ಲಿ ಕಹಿ ಮತ್ತು ಗಟ್ಟಿತನ. ಕೆಫೀನ್ ಕೂಡ ಅರೇಬಿಕಾಗಿಂತ ಹೆಚ್ಚುಕಮ್ಮಿ ಎರಡು ಪಟ್ಟು. ಹಾಲು ಹಾಕಿ ಕುಡಿಯುವವರಿಗೆ ಸ್ವಲ್ಪ ರೋಬಸ್ಟಾ ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಬರೀ ಅರೇಬಿಕಾ ಹಾಲಿನಲ್ಲಿ ಮುಳುಗಿ ಹೋಗುತ್ತದೆ. ನಾನು ತರುವುದು ಮೂರು ಪಾಲು ಅರೇಬಿಕಾ, ಒಂದು ಪಾಲು ರೋಬಸ್ಟಾ. ಪೀಬೆರಿ ಅಂತ ಜಾಸ್ತಿ ದುಡ್ಡು ಕೇಳುತ್ತಾರಲ್ಲ, ಅದು ಬೇರೆ ಜಾತಿಯೇನೂ ಅಲ್ಲ. ಒಂದು ಹಣ್ಣಿನಲ್ಲಿ ಎರಡು ಚಪ್ಪಟೆ ಬೀಜದ ಬದಲು ಒಂದೇ ಗುಂಡು ಬೀಜ ಬೆಳೆದರೆ ಅದು ಪೀಬೆರಿ. ಗುಂಡಗಿರುವುದರಿಂದ ಸಮವಾಗಿ ಹುರಿಯುತ್ತದೆ. ಅಷ್ಟಕ್ಕೆ ಎಷ್ಟು ಕೊಡಬಹುದು ಅನ್ನುವುದು ನಿಮಗೆ ಬಿಟ್ಟಿದ್ದು.

ಚಿಕೋರಿ ಬಗ್ಗೆ ಇಲ್ಲಿ ಎರಡು ಪಂಗಡ. ನಾನು ಮಧ್ಯದಲ್ಲಿ ನಿಂತವನು. ಅದೊಂದು ಗಿಡದ ಬೇರು. ಹುರಿದು ಪುಡಿ ಮಾಡಿದರೆ ಗಾಢ ಬಣ್ಣ, ಒಂದು ಬಗೆಯ ಸಿಹಿಗಹಿ, ಡಿಕಾಕ್ಷನ್‌ಗೆ ದಪ್ಪ ಬರುತ್ತದೆ. ಕೆಫೀನ್ ಇಲ್ಲ. ಕಾಫಿ-ಚಿಕೋರಿ ಮಿಶ್ರಣ ಅಂತ ಮಾರುವ ಪುಡಿಯಲ್ಲಿ ಚಿಕೋರಿ 49 ಶೇಕಡಾದವರೆಗೂ ಇರಲು ಕಾನೂನಿನಲ್ಲೇ ಅವಕಾಶವಿದೆ. ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಬರೆದಿರಬೇಕು. ಬರೆದಿರುತ್ತಾರೆ ಕೂಡ, ಇರುವೆ ಓದುವಂಥ ಅಕ್ಷರದಲ್ಲಿ. ಹಾಲಿನ ಫಿಲ್ಟರ್ ಕಾಫಿಗೆ 10ರಿಂದ 20 ಶೇಕಡಾ ಚಿಕೋರಿ ಸಾಕು. ಹಾಲಿಲ್ಲದೆ ಕುಡಿಯುವುದಾದರೆ ಬೇಡವೇ ಬೇಡ. ಒಲೆಯ ಮೇಲಿಟ್ಟು ಆವಿಯ ಒತ್ತಡದಲ್ಲಿ ಕಾಫಿ ಮಾಡುವ ಮೋಕಾ ಪಾಟ್, ಜಾಲರಿಯ ಒತ್ತುಗೋಲಿರುವ ಗಾಜಿನ ಫ್ರೆಂಚ್ ಪ್ರೆಸ್, ಕಾಗದದಲ್ಲಿ ಸೋಸುವ ಪೋರ್ ಓವರ್, ಮೂರಕ್ಕೂ ಬೇಡ.

ಎಷ್ಟು ಕೊಳ್ಳಬೇಕು? ಎರಡು ವಾರಕ್ಕೆ ಮುಗಿಯುವಷ್ಟು. ನಮ್ಮ ಮನೆಯಲ್ಲಿ ನಾಲ್ಕು ಜನ, 250 ಗ್ರಾಂ ಒಂದು ವಾರ ಬರುತ್ತದೆ. ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಎರಡು ಕೆಜಿ ತಂದಿಟ್ಟರೆ, ಕೊನೆಯ ಒಂದು ಕೆಜಿ ಬರೀ ಕಹಿ. ಮಳೆಗಾಲದಲ್ಲಂತೂ ಪುಡಿ ತೇವ ಎಳೆದುಕೊಂಡು ಗಟ್ಟಿ ಕಟ್ಟುತ್ತದೆ. ಚಿಕೋರಿ ಇದ್ದರೆ ಇನ್ನೂ ಬೇಗ. ಜುಲೈ ತಿಂಗಳಲ್ಲಿ ನಮ್ಮೂರಲ್ಲಿ ಡಬ್ಬಿಯ ಪುಡಿಯನ್ನು ಚಮಚದಲ್ಲಿ ಕೆತ್ತಿ ತೆಗೆಯಬೇಕಾಗುತ್ತದೆ. ಗಾಳಿಯಾಡದ ಸಣ್ಣ ಡಬ್ಬಿಗಳಲ್ಲಿ ಹಂಚಿಡಿ, ಒಂದು ಮುಗಿದ ಮೇಲೆ ಇನ್ನೊಂದು ತೆರೆಯಿರಿ. ಒದ್ದೆ ಚಮಚ ಹಾಕಬೇಡಿ. ಫ್ರಿಜ್ಜಿನಲ್ಲಿ ಇಟ್ಟು ದಿನಾ ಹೊರಗೆ ತೆಗೆಯುವುದೂ ಬೇಡ. ತಣ್ಣಗಿನ ಪುಡಿ ಹೊರಗಿನ ಗಾಳಿಗೆ ಬಂದ ಕೂಡಲೇ ಬೆವರುತ್ತದೆ.

ತರಿ ಮತ್ತು ತೂಕ

ಒಂದೇ ಬೀಜ. ತರಿ ಬದಲಾದರೆ ಕಾಫಿಯೇ ಬದಲು. ಪುಡಿ ನುಣ್ಣಗಾದಷ್ಟೂ ನೀರು ಬೇಗ ರುಚಿ ಎಳೆದುಕೊಳ್ಳುತ್ತದೆ, ಇಳಿಯುವುದು ನಿಧಾನವಾಗುತ್ತದೆ. ದಪ್ಪಗಾದರೆ ನೀರು ಸರ್ರನೆ ಇಳಿದು ಹೋಗುತ್ತದೆ, ರುಚಿ ಪುಡಿಯಲ್ಲೇ ಉಳಿಯುತ್ತದೆ. ಪಾತ್ರೆಯಲ್ಲಿ ನೀರು ಎಷ್ಟು ಹೊತ್ತು ನಿಲ್ಲುತ್ತದೋ ಅದಕ್ಕೆ ತಕ್ಕ ತರಿ ಇರಬೇಕು, ಅಷ್ಟೇ ಲೆಕ್ಕ.

ಅಂಗಡಿಯಲ್ಲಿ ಇದನ್ನು ಹೇಳಲು ನಾನು ರವೆಯ ಭಾಷೆ ಬಳಸುತ್ತೇನೆ. ಫಿಲ್ಟರ್‌ಗೆ ಚಿರೋಟಿ ರವೆಯ ಹಾಗೆ. ಮೋಕಾ ಪಾಟ್‌ಗೆ ಅದಕ್ಕಿಂತ ಒಂದೆಳೆ ದಪ್ಪ. ಪೋರ್ ಓವರ್‌ಗೆ ಪುಡಿ ಉಪ್ಪಿನ ಹಾಗೆ. ಫ್ರೆಂಚ್ ಪ್ರೆಸ್‌ಗೂ, ತಣ್ಣೀರಲ್ಲಿ ನೆನೆಸಿ ಮಾಡುವ ಕೋಲ್ಡ್ ಬ್ರೂಗೂ ಬನ್ಸಿ ರವೆ. ಮೈದಾ ಹಿಟ್ಟಿನ ಹಾಗೆ ಬೀಸಿದ ಪುಡಿ ಮನೆಯ ಯಾವ ಪಾತ್ರೆಗೂ ಆಗಿಬರುವುದಿಲ್ಲ. ಎರಡು ಬೆರಳ ನಡುವೆ ಉಜ್ಜಿ ನೋಡಿ. ಫಿಲ್ಟರ್ ಪುಡಿ ಸ್ವಲ್ಪವಾದರೂ ಚುರುಚುರು ಅನ್ನಬೇಕು.

ಒಮ್ಮೆ ಊರಿನಿಂದ ನೆಂಟರು ಬರುವ ಹಿಂದಿನ ರಾತ್ರಿ ಹೊಸ ಅಂಗಡಿಯ ಪುಡಿ ಹಾಕಿ ಫಿಲ್ಟರ್ ಇಟ್ಟು ಮಲಗಿದೆ. ಬೆಳಿಗ್ಗೆ ಐದೂವರೆಗೆ ಮುಚ್ಚಳ ತೆಗೆದರೆ ನೀರು ಬಾವಿಯ ಹಾಗೆ ಮೇಲೇ ನಿಂತಿದೆ. ಕೆಳಗೆ ನಾಲ್ಕು ಹನಿ. ಪುಡಿ ಅಷ್ಟು ನುಣ್ಣಗಿತ್ತು. ಆವತ್ತು ನೆಂಟರು ಟೀ ಕುಡಿದರು.

ಸಾಧ್ಯವಾದರೆ ಬೀಜ ತಂದು ಮನೆಯಲ್ಲೇ ಬೀಸಿ. ಕೈಯಲ್ಲಿ ತಿರುಗಿಸುವ ಸಣ್ಣ ಗ್ರೈಂಡರ್ ಸಾಕು. ಅದರಲ್ಲಿ ಬೀಜ ಎರಡು ಹಲ್ಲಿನ ನಡುವೆ ಸಿಕ್ಕಿ ಒಡೆಯುತ್ತದೆ, ತರಿ ಸಮ ಬರುತ್ತದೆ. ಮಿಕ್ಸಿಯ ಬ್ಲೇಡ್ ಕೊಚ್ಚುತ್ತದೆ. ಒಂದಷ್ಟು ಧೂಳು, ಒಂದಷ್ಟು ನುಚ್ಚು. ಆದರೂ ಮಿಕ್ಸಿಯೇ ಇರುವುದು ಅಂದರೆ ಹೀಗೆ ಮಾಡಿ: ಚಿಕ್ಕ ಜಾರ್, 40-50 ಗ್ರಾಂ ಬೀಜ, ಮೂರು ನಾಲ್ಕು ಸೆಕೆಂಡಿನಂತೆ ಬಿಟ್ಟು ಬಿಟ್ಟು ತಿರುಗಿಸಿ. ನಡುನಡುವೆ ಜಾರ್ ಅಲ್ಲಾಡಿಸಿ. ಒಂದೇ ಸಮ ತಿರುಗಿಸಿದರೆ ಪುಡಿ ಬಿಸಿಯಾಗಿ ಪರಿಮಳ ಜಾರ್‌ನಲ್ಲೇ ಹೋಗಿಬಿಡುತ್ತದೆ. ಫ್ರೆಂಚ್ ಪ್ರೆಸ್‌ಗೆ ಆದರೆ ಹಿಟ್ಟಿನ ಜರಡಿಯಲ್ಲಿ ಒಮ್ಮೆ ಆಡಿಸಿ ಧೂಳು ತೆಗೆಯಿರಿ. ಆ ಧೂಳನ್ನು ಫಿಲ್ಟರ್ ಪುಡಿಗೆ ಚೂರು ಚೂರೇ ಬೆರೆಸಿ ಮುಗಿಸಬಹುದು.

ತೂಕಕ್ಕೆ ಒಂದು ಸಣ್ಣ ಡಿಜಿಟಲ್ ತಕ್ಕಡಿ ಕೊಳ್ಳಿ. ಅಡುಗೆಮನೆಗೆ ನಾನು ಕೊಂಡ ಸಾಮಾನುಗಳಲ್ಲಿ ಇದರಷ್ಟು ಪ್ರಯೋಜನಕ್ಕೆ ಬಂದದ್ದು ಇನ್ನೊಂದಿಲ್ಲ. ತಕ್ಕಡಿ ಬರುವ ತನಕ ಹೀಗೆ ಅಂದಾಜು ಮಾಡಿ: ಸಮ ಮಾಡಿದ ದೊಡ್ಡ ಚಮಚ ಪುಡಿ ಸುಮಾರು 5 ಗ್ರಾಂ. ಗೋಪುರದ ಹಾಗೆ ತುಂಬಿದರೆ 7-8.

ನೀರು

ತುಂಗೆಯ ನೀರು ಕುಡಿಯುವ ಊರಿನವರು ನಾವು. ತುಂಗಾ ಪಾನ, ಗಂಗಾ ಸ್ನಾನ ಅಂತ ಹೇಳಿಕೊಂಡು ಬೆಳೆದವರು. ಕಾಫಿಗೂ ಅದು ಒಳ್ಳೆಯ ನೀರೇ. ತೊಂದರೆ ಇರುವುದು ಬೋರ್‌ವೆಲ್ ನೀರಿನ ಗಡಸುತನದಲ್ಲಿ. ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ಆ ನೀರಿನಲ್ಲಿ ಕಾಫಿ ಸಪ್ಪೆ. ಹಾಗಂತ ಲವಣವನ್ನೆಲ್ಲ ತೆಗೆದುಬಿಟ್ಟ ಆರ್‌ಒ ನೀರೂ ಚೆನ್ನಾಗಿರುವುದಿಲ್ಲ. ರುಚಿ ಎಳೆಯಲು ನೀರಿನಲ್ಲಿ ಸ್ವಲ್ಪ ಲವಣ ಇರಬೇಕು. ಎರಡನ್ನೂ ಅರ್ಧರ್ಧ ಬೆರೆಸಿ ನೋಡಿ.

ಬಿಸಿ 90ರಿಂದ 96 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ಥರ್ಮಾಮೀಟರ್ ಬೇಡ. ಎತ್ತರ ಹೋದಂತೆ ನೀರು ಬೇಗ ಕುದಿಯುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿ ಕಡಿಮೆ. ಶಿವಮೊಗ್ಗದಲ್ಲಿ ನೀರು ಕುದಿಯುವುದೇ ಹೆಚ್ಚುಕಮ್ಮಿ 98ಕ್ಕೆ. ಕುದಿ ಬಂದ ಮೇಲೆ ಇಳಿಸಿ ಅರ್ಧ ನಿಮಿಷ ಬಿಟ್ಟರೆ ಸರಿಯಾದ ಹದಕ್ಕೆ ಬರುತ್ತದೆ. ಬಾಬಾಬುಡನ್‌ಗಿರಿ ಕಡೆ ಬೆಟ್ಟದ ಮೇಲೆ ಮನೆ ಇರುವವರು ಕಾಯುವುದೇ ಬೇಡ, ಕುದಿಯುವ ನೀರನ್ನೇ ಹಾಕಿ.

ಫಿಲ್ಟರ್ ಕಾಫಿ

ಇದನ್ನೇ ಜಾಸ್ತಿ ಬರೆಯುತ್ತೇನೆ. ದಿನಾ ಮಾಡುವುದು ಇದನ್ನೇ ಅಲ್ವಾ?

ನಾಲ್ಕು ಲೋಟಕ್ಕೆ 30 ಗ್ರಾಂ ಪುಡಿ, 180 ಮಿ.ಲೀ. ನೀರು. ಪುಡಿ ತನ್ನ ತೂಕದ ಹೆಚ್ಚುಕಮ್ಮಿ ಎರಡು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಕೆಳಗೆ ಇಳಿಯುವುದು 120 ಮಿ.ಲೀ. ಡಿಕಾಕ್ಷನ್. ಲೋಟಕ್ಕೆ 30 ಮಿ.ಲೀ.ನಂತೆ ನಾಲ್ಕು ಕಾಫಿ.

1. ಮೇಲಿನ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೂತುಗಳನ್ನು ನೋಡಿ. ನಕ್ಷತ್ರದ ಹಾಗೆ ಎಲ್ಲವೂ ಕಾಣಬೇಕು. ಅರ್ಧಕ್ಕರ್ಧ ಕತ್ತಲಾಗಿದ್ದರೆ ಮೊದಲು ಅದನ್ನು ಬಿಡಿಸಿಕೊಳ್ಳಿ. ಸ್ಟೀಲ್ ಫಿಲ್ಟರ್ ಆದರೆ ತಳವನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯ ಮೇಲೆ ಒಂದು ನಿಮಿಷ ಆಡಿಸಿದರೆ ಸಿಕ್ಕಿಕೊಂಡ ಪುಡಿ ಸುಟ್ಟು ಬೀಳುತ್ತದೆ. ಸ್ಟೀಲ್ ಸ್ವಲ್ಪ ಬಣ್ಣಗೆಡುತ್ತದೆ, ಅಷ್ಟೇ. ಕಲಾಯಿ ಹಾಕಿಸಿದ ಹಿತ್ತಾಳೆ ಫಿಲ್ಟರ್‌ಗೆ ಮಾತ್ರ ಈ ಕೆಲಸ ಮಾಡಬೇಡಿ. ಕಲಾಯಿ ಅಂದರೆ ತವರ, ಅದು 232 ಡಿಗ್ರಿಗೇ ಕರಗುತ್ತದೆ. ಅದಕ್ಕೆ ಸೂಜಿಯೇ ಗತಿ.

2. ಪಾತ್ರೆ ಪೂರ್ತಿ ಒಣಗಿರಲಿ. ಒದ್ದೆ ತಳಕ್ಕೆ ಪುಡಿ ಬಿದ್ದರೆ ತೂತು ಆಗಲೇ ಮುಚ್ಚಿತು.

3. ಪುಡಿ ಹಾಕಿ, ಪಕ್ಕಕ್ಕೆ ಎರಡು ಸಲ ತಟ್ಟಿ ಸಮ ಮಾಡಿ. ಹಿಡಿ ಇರುವ ಒತ್ತು ತಟ್ಟೆಯನ್ನು ಅದರ ಮೇಲೆ ಇಟ್ಟು ಮೆಲ್ಲಗೆ ಅದುಮಿ. ಮುದ್ದೆ ಕಟ್ಟುವವರ ಹಾಗೆ ಒತ್ತಬೇಡಿ. ಚಿಕೋರಿ ಇದ್ದಷ್ಟೂ ಕಡಿಮೆ ಒತ್ತಿ, ಅದು ನೀರು ಕುಡಿದು ಉಬ್ಬುತ್ತದೆ.

4. ಮೊದಲು 50 ಮಿ.ಲೀ. ಬಿಸಿ ನೀರು ಮಾತ್ರ, ಸುತ್ತ ತಿರುಗಿಸುತ್ತಾ. ಒಂದು ನಿಮಿಷ ಬಿಡಿ. ಪುಡಿ ತಾಜಾ ಇದ್ದರೆ ತಟ್ಟೆಯ ಅಂಚಿನಿಂದ ಕಂದು ನೊರೆ ಮೇಲೆ ಬಂದು ಗುಳುಗುಳು ಅನ್ನುತ್ತದೆ. ಹುರಿದಾಗ ಬೀಜದೊಳಗೆ ಸೇರಿಕೊಂಡ ಗಾಳಿ ಅದು. ನೊರೆಯೇ ಬರಲಿಲ್ಲವಾ? ನಿಮ್ಮ ಪುಡಿಗೆ ವಯಸ್ಸಾಗಿದೆ.

5. ಉಳಿದ ನೀರನ್ನು ತಟ್ಟೆಯ ಮೇಲೆ ಬೀಳುವಂತೆ ನಿಧಾನ ಸುರಿದು ಮುಚ್ಚಿ. ಹದಿನೈದರಿಂದ ಇಪ್ಪತ್ತು ನಿಮಿಷದಲ್ಲಿ ಇಳಿಯಬೇಕು. ಐದೇ ನಿಮಿಷಕ್ಕೆ ಇಳಿದರೆ ತರಿ ದಪ್ಪ. ಮುಕ್ಕಾಲು ಗಂಟೆ ಆದರೂ ತೊಟ್ಟಿಕ್ಕುತ್ತಿದ್ದರೆ ನುಣುಪು ಜಾಸ್ತಿ.

ಎಲ್ಲ ಸರಿ ಇದ್ದೂ ಹನಿ ನಿಂತುಹೋಗುವುದು ಉಂಟು. ಮೇಲಿನ ಪಾತ್ರೆ ಕೆಳಗಿನದಕ್ಕೆ ಬಿಗಿಯಾಗಿ ಕೂತು, ನಡುವೆ ನೀರಿನ ಪಸೆ ಸೇರಿ, ಕೆಳಗಿನ ಗಾಳಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಮೇಲಿನ ಪಾತ್ರೆಯನ್ನು ಒಂದು ಬೆರಳಷ್ಟು ಎತ್ತಿ ಮತ್ತೆ ಕೂರಿಸಿ. ಟಪ್ ಟಪ್ ಶುರುವಾಗುತ್ತದೆ. ಇದು ಗೊತ್ತಿಲ್ಲದೆ ಫಿಲ್ಟರನ್ನು ಮೇಜಿಗೆ ಕುಟ್ಟಿ ಕುಟ್ಟಿ ತಳ ಸೊಟ್ಟ ಮಾಡಿದವರು ನಮ್ಮ ಮನೆಯಲ್ಲೇ ಇದ್ದಾರೆ. ಹೆಸರು ಹೇಳುವುದಿಲ್ಲ.

ಎರಡನೇ ನೀರು ಹಾಕಬೇಕಾ ಅಂತ ಕೇಳಿದರೆ, ಬೇಡ ಅನ್ನುತ್ತೇನೆ. ನಮ್ಮಮ್ಮ ಕೇಳುವುದಿಲ್ಲ. ಚಿಕೋರಿ ಇರುವುದರಿಂದ ಬಣ್ಣ ಬರುತ್ತದೆ, ಬಣ್ಣದ ಹಿಂದೆ ರುಚಿ ಬರುವುದಿಲ್ಲ. ಹಾಲಿಗೆ ಮೊದಲ ಡಿಕಾಕ್ಷನ್ನೇ.

ಉಳಿದ ಡಿಕಾಕ್ಷನ್ನನ್ನು ಒಲೆಯ ಮೇಲೆ ನೇರ ಕಾಯಿಸಬೇಡಿ. ಒಂದು ಕುದಿ ಬಂದರೂ ಸಾಕು, ಸುಟ್ಟ ಕಹಿ ಸೇರಿತು. ಲೋಟವನ್ನು ಬಿಸಿ ನೀರಿನ ಪಾತ್ರೆಯಲ್ಲಿ ಕೂರಿಸಿದರೆ ತಾನೇ ಬೆಚ್ಚಗಾಗುತ್ತದೆ. ನಿಜ ಹೇಳಬೇಕೆಂದರೆ ಹಾಲು ಚೆನ್ನಾಗಿ ಬಿಸಿ ಇದ್ದರೆ ಡಿಕಾಕ್ಷನ್ ಬಿಸಿ ಮಾಡುವ ಅಗತ್ಯವೇ ಇಲ್ಲ. ಫ್ರಿಜ್ಜಿನಲ್ಲಿ ಮುಚ್ಚಿಟ್ಟರೆ ಮರುದಿನದವರೆಗೂ ಬರುತ್ತದೆ.

ಹಾಲು ಗಟ್ಟಿ ಇರಲಿ. ಟೋನ್ಡ್ ಹಾಲಿನಲ್ಲಿ ಕೊಬ್ಬು 3 ಶೇಕಡಾ, ಸ್ಟ್ಯಾಂಡರ್ಡೈಸ್ಡ್‌ನಲ್ಲಿ 4.5. ಕಾಫಿಗೆ ಎರಡನೆಯದು ಒಳ್ಳೆಯದು. ನೀರು ಬೆರೆಸಿದ ಹಾಲಿಗೆ ಎಂಥ ಪುಡಿ ತಂದರೂ ದಂಡ. ಉಕ್ಕು ಬಂದ ಕೂಡಲೇ ಇಳಿಸಿ. ಮತ್ತೆ ಮತ್ತೆ ಕಾಯಿಸಿದ ಹಾಲಿಗೆ ಬೇಯಿಸಿದ ವಾಸನೆ ಬರುತ್ತದೆ, ಅದು ಕಾಫಿಯ ಪರಿಮಳವನ್ನು ಮುಚ್ಚಿಬಿಡುತ್ತದೆ. ಲೋಟಕ್ಕೆ ಮೊದಲು ಸಕ್ಕರೆ, ಆಮೇಲೆ ಡಿಕಾಕ್ಷನ್, ಅದರ ಮೇಲೆ 90-100 ಮಿ.ಲೀ. ಹಾಲು. ಬಟ್ಟಲಿಗೆ ಎರಡು ಸಲ ಎತ್ತಿ ಹೊಯ್ದರೆ ಸಕ್ಕರೆಯೂ ಕರಗಿತು, ನೊರೆಯೂ ಬಂತು. ಮೂರನೇ ಸಲ ಎತ್ತುವುದು ನೋಡುವವರಿಗಾಗಿ.

ಬಟ್ಟೆಯಲ್ಲಿ ಸೋಸುವ ಬೆಲ್ಲದ ಕಾಫಿ

ಮಲೆನಾಡಿನ ಹಳ್ಳಿಮನೆಗಳಲ್ಲಿ ಫಿಲ್ಟರ್‌ಗಿಂತ ಸೋಸುಬಟ್ಟೆ ಜಾಸ್ತಿ. ಮನೆ ತುಂಬ ಕೆಲಸದವರು, ನೆಂಟರು ಇರುವಾಗ ಹನಿ ಹನಿ ಇಳಿಯುವುದನ್ನು ಕಾಯುತ್ತಾ ಕೂರಲು ಯಾರಿಗೆ ಪುರುಸೊತ್ತು? ಇದು ಹಳೆಯ, ಒರಟು ವಿಧಾನ ಅಂತ ಅಂದುಕೊಂಡಿದ್ದೆ. ಫ್ರೆಂಚ್ ಪ್ರೆಸ್ ಕೊಂಡ ಮೇಲೆ ಗೊತ್ತಾಯಿತು, ಎರಡೂ ಒಂದೇ. ಪುಡಿಯನ್ನು ಬಿಸಿ ನೀರಿನಲ್ಲಿ ನೆನೆಸಿ ಸೋಸುವುದು. ಅಲ್ಲಿ ಜಾಲರಿ, ಇಲ್ಲಿ ಬಟ್ಟೆ. ಬಟ್ಟೆಯಲ್ಲಿ ಸೋಸಿದ್ದು ಇನ್ನೂ ತಿಳಿಯಾಗಿರುತ್ತದೆ.

ನಾಲ್ಕು ಲೋಟ ಬರೀ ಕಾಫಿಗೆ ಅರ್ಧ ಲೀಟರ್ ನೀರು, 30 ಗ್ರಾಂ ಪುಡಿ, ರುಚಿಗೆ ಬೆಲ್ಲ. ನೀರಿಗೆ ಬೆಲ್ಲ ಹಾಕಿ ಕರಗಿಸಿ ಒಂದು ಕುದಿ ಬರಿಸಿ. ಉರಿ ಆರಿಸಿ. ಈಗ ಪುಡಿ ಹಾಕಿ ಒಂದೇ ಸಲ ತಿರುವಿ ಮುಚ್ಚಿ. ನಾಲ್ಕೈದು ನಿಮಿಷ. ಪುಡಿ ತಳಕ್ಕೆ ಕೂರುತ್ತದೆ. ಮೇಲಿನಿಂದ ಮೆಲ್ಲಗೆ ಬಟ್ಟೆಗೆ ಬಗ್ಗಿಸಿ, ಬಟ್ಟೆಯನ್ನು ಹಿಂಡಬೇಡಿ. ಹಿಂಡಿದರೆ ಕಹಿಯೂ ಗಸಿಯೂ ಕೆಳಗೆ ಬರುತ್ತವೆ. ಪುಡಿ ಹಾಕಿದ ಮೇಲೆ ಕುದಿಸುವುದು ಎಲ್ಲರೂ ಮಾಡುವ ತಪ್ಪು. ಅಜ್ಜಿಯೂ ಮಾಡುತ್ತಿದ್ದರು.

ಜೋನಿ ಬೆಲ್ಲ ಇದ್ದರೆ ಬಳಸಿ, ಆ ಪರಿಮಳವೇ ಬೇರೆ. ಅಚ್ಚು ಬೆಲ್ಲ ಆದರೆ ಕರಗಿಸಿದ ನೀರನ್ನು ಪುಡಿ ಹಾಕುವ ಮೊದಲೇ ಸೋಸಿಕೊಳ್ಳಿ, ಮಣ್ಣು ಕಸ ಇರುತ್ತದೆ.

ಹಾಲು ಬೇಕು ಅನ್ನುವವರು ಇಲ್ಲಿ ಎಚ್ಚರ. ಹೊಸದಾಗಿ ಅಡುಗೆ ಕಲಿಯುವಾಗ ಬೆಲ್ಲದ ನೀರು ಕುದಿಯುತ್ತಿರುವಾಗಲೇ ಹಾಲು ಸುರಿದಿದ್ದೆ. ನೋಡ ನೋಡುತ್ತಿದ್ದಂತೆ ಪಾತ್ರೆಯಲ್ಲಿ ಪನೀರು. ಅಜ್ಜಿ ಬಗ್ಗಿ ನೋಡಿ, "ಅಲ್ಲ ಮಾರಾಯ, ಬೆಲ್ಲ ಕೊತಕೊತ ಅನ್ನುವಾಗ ಹಾಲು ಹಾಕ್ತಾರಾ?" ಅಂದರು. ಬೆಲ್ಲದಲ್ಲಿರುವ ಹುಳಿ ಮತ್ತು ಲವಣ ಬಿಸಿ ಹಾಲನ್ನು ಒಡೆಯುತ್ತವೆ. ಒಲೆಯಿಂದ ಇಳಿಸಿ, ಸೋಸಿ, ಒಂದೆರಡು ನಿಮಿಷ ಆರಿದ ಮೇಲೆ ಬೇರೆ ಕಾಯಿಸಿದ ಹಾಲನ್ನು ಲೋಟದಲ್ಲೇ ಬೆರೆಸಿ. ಮತ್ತೆ ಒಲೆಗೆ ಇಡಬೇಡಿ.

ಬಟ್ಟೆ ತೆಳು ಹತ್ತಿಯದಾಗಿರಲಿ. ಸೋಪು ಹಾಕಬೇಡಿ, ಮುಂದಿನ ನಾಲ್ಕು ಕಾಫಿಗೆ ಸೋಪಿನ ವಾಸನೆ. ಬಿಸಿ ನೀರಲ್ಲಿ ಕುದಿಸಿ ಹಿಂಡಿ ಒಣಗಿಸಿ. ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ತರೋದು? ಹಳ್ಳಿಯಲ್ಲಿ ಬಚ್ಚಲೊಲೆಯ ಪಕ್ಕ ಹಗ್ಗ ಕಟ್ಟಿರುತ್ತಾರೆ. ಪೇಟೆಯಲ್ಲಿ ನಾನು ಫ್ರಿಜ್ಜಿನ ಹಿಂಭಾಗಕ್ಕೆ ನೇತು ಹಾಕುತ್ತೇನೆ. ಮುಗ್ಗು ವಾಸನೆ ಬಂದ ಬಟ್ಟೆಯನ್ನು ಎಸೆದುಬಿಡಿ, ಉಳಿಸಲು ಹೋಗಬೇಡಿ.

ಫ್ರೆಂಚ್ ಪ್ರೆಸ್

ಸೋಸುಬಟ್ಟೆ ಗೊತ್ತಿದ್ದರೆ ಇದು ಅರ್ಧ ಗೊತ್ತಾದ ಹಾಗೆ. ಗಾಜಿನ ಪಾತ್ರೆಯನ್ನು ಬಿಸಿ ನೀರಲ್ಲಿ ತೊಳೆದು ಬೆಚ್ಚಗೆ ಮಾಡಿ. 30 ಗ್ರಾಂ ದಪ್ಪ ತರಿ, ಅರ್ಧ ಲೀಟರ್ ನೀರು. ನಾಲ್ಕು ನಿಮಿಷಕ್ಕೆ ಮೇಲೆ ಕಟ್ಟಿದ ಕೆನೆಯಂಥ ಪದರವನ್ನು ಚಮಚದಲ್ಲಿ ಒಡೆಯಿರಿ, ತೇಲುವ ನೊರೆಯನ್ನು ತೆಗೆದು ಹಾಕಿ. ಇನ್ನೂ ಎರಡು ಮೂರು ನಿಮಿಷ ಬಿಟ್ಟರೆ ಗಸಿ ತಾನೇ ಕೆಳಗಿಳಿಯುತ್ತದೆ. ಆಮೇಲೆ ಒತ್ತುಗೋಲನ್ನು ನಿಧಾನ ಇಳಿಸಿ. ಜೋರು ಮಾಡಬೇಕಾಗಿ ಬಂದರೆ ತರಿ ನುಣ್ಣಗಿದೆ ಅಂತ ಅರ್ಥ. ಹಟ ಮಾಡಿದರೆ ಬಿಸಿ ಕಾಫಿ ಕೈಮೇಲೆ ಚಿಮ್ಮುತ್ತದೆ. ಕಾಫಿಯನ್ನು ಅದರಲ್ಲೇ ಬಿಡದೆ ಪೂರ್ತಿ ಬಗ್ಗಿಸಿಕೊಳ್ಳಿ.

ಪೋರ್ ಓವರ್

ಕಾಗದದ ಫಿಲ್ಟರ್ ಇಟ್ಟ ಕೊಳವೆಯಂಥ ಪಾತ್ರೆಗೆ ಪುಡಿ ಹಾಕಿ ಮೇಲಿನಿಂದ ನೀರು ಸುರಿಯುವುದು. ಚಿಕ್ಕಮಗಳೂರು, ಕೊಡಗಿನ ಒಂದೊಂದು ತೋಟದ ಅರೇಬಿಕಾ ಹೇಗೆ ಬೇರೆ ಬೇರೆ ಅಂತ ನನಗೆ ಗೊತ್ತಾಗಿದ್ದು ಇದರಲ್ಲೇ. ಹಾಲು ಬೇಡ, ಸಕ್ಕರೆಯೂ ಬೇಡ. ಮೊದಲ ಸಲ ಕುಡಿದಾಗ "ಇದೇನು, ನೀರುಗಾಫಿ" ಅನ್ನಿಸುವುದು ಖಂಡಿತ. ನನ್ನ ಹೆಂಡತಿ ಇವತ್ತಿಗೂ ಹಾಗೇ ಅನ್ನುತ್ತಾಳೆ.

ಕಾಗದವನ್ನು ಬಿಸಿ ನೀರಿನಲ್ಲಿ ಒದ್ದೆ ಮಾಡಿ ಆ ನೀರು ಚೆಲ್ಲಿ. ಇಲ್ಲದಿದ್ದರೆ ಕಾಗದದ ರುಚಿ ಬರುತ್ತದೆ. 15 ಗ್ರಾಂ ಪುಡಿ ಹಾಕಿ ತಕ್ಕಡಿಯ ಮೇಲೆ ಇಡಿ. ಮೊದಲು 40 ಗ್ರಾಂ ನೀರು, 40 ಸೆಕೆಂಡ್ ಕಾಯಿರಿ, ಪುಡಿ ಉಬ್ಬಿ ಬಿರಿಯುತ್ತದೆ. ಆಮೇಲೆ ನಡುವಿನಿಂದ ಸುತ್ತ ತಿರುಗಿಸುತ್ತಾ ಎರಡು ಮೂರು ಕಂತಿನಲ್ಲಿ ಒಟ್ಟು 240 ಗ್ರಾಂ ಆಗುವ ತನಕ ಸುರಿಯಿರಿ. ಶುರುವಿನಿಂದ ಕೊನೆಯವರೆಗೆ ಮೂರು ನಿಮಿಷ.

ಇದಕ್ಕೆ ಕೊಕ್ಕರೆ ಕತ್ತಿನ ಕೆಟಲ್ ಬೇಕು ಅನ್ನುತ್ತಾರೆ, ಬೆಲೆ ಕೇಳಿದರೆ ಸುಮ್ಮನಾಗಬೇಕು. ನಾನು ಅಟ್ಟದಿಂದ ಹಳೆ ಗಿಂಡಿ ಇಳಿಸಿದೆ. ಸಣ್ಣ ಮೂತಿ, ನೂಲಿನಂತೆ ನೀರು. ಬಿಸಿಯಾಗುತ್ತದೆ, ಬಟ್ಟೆ ಸುತ್ತಿ ಹಿಡಿಯಬೇಕು. ಮೊದಲು ಹುಣಸೆಹಣ್ಣು ಹಾಕಿ ಒಳಗೂ ಹೊರಗೂ ಚೆನ್ನಾಗಿ ತಿಕ್ಕಿ ತೊಳೆದುಕೊಳ್ಳಿ.

ಮೋಕಾ ಪಾಟ್

ಇಟಲಿಯಲ್ಲಿ 1933ರಿಂದ ಇರುವ ಪಾತ್ರೆ. ಕೆಳಗೆ ನೀರು, ನಡುವೆ ಪುಡಿ, ಕುದಿದ ಆವಿಯ ಒತ್ತಡಕ್ಕೆ ನೀರು ಪುಡಿಯ ಮೂಲಕ ಮೇಲೆ ಹತ್ತುತ್ತದೆ. ಹಾಲಿನ ಕಾಫಿ ಬೇಕು, ಇಪ್ಪತ್ತು ನಿಮಿಷ ಕಾಯಲು ಆಗುವುದಿಲ್ಲ ಅನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಕೆಳಗಿನ ಪಾತ್ರೆಯ ಪಕ್ಕದಲ್ಲಿ ಒಂದು ಸಣ್ಣ ವಾಲ್ವ್ ಇದೆ. ಬಿಸಿ ನೀರನ್ನು ಅದರ ಕೆಳಗಿನ ಮಟ್ಟದವರೆಗೆ ಮಾತ್ರ ತುಂಬಿ. ತಣ್ಣೀರು ಹಾಕಿದರೆ ಅದು ಕಾಯುವ ಹೊತ್ತಿಗೆ ಪುಡಿ ಸೀಯುತ್ತದೆ. ಪುಡಿಯನ್ನು ಅಂಚಿನವರೆಗೆ ತುಂಬಿ ಸಮ ಮಾಡಿ, ಒತ್ತಬೇಡಿ. ಬಟ್ಟೆಯಲ್ಲಿ ಹಿಡಿದು ಬಿಗಿ ಮಾಡಿ. ಅತಿ ಸಣ್ಣ ಉರಿ, ಮುಚ್ಚಳ ತೆರೆದೇ ಇರಲಿ. ಜೇನಿನ ಹಾಗೆ ಕಾಫಿ ಇಳಿಯಲು ಶುರುವಾಗುತ್ತದೆ. ಬಣ್ಣ ತೆಳುವಾಗಿ ಬುಸ್ ಬುಸ್ ಸದ್ದು ಬಂದ ಕ್ಷಣವೇ ಇಳಿಸಿ ತಳವನ್ನು ನಲ್ಲಿ ನೀರಿಗೆ ಹಿಡಿಯಿರಿ. ಆ ಸದ್ದಿನ ನಂತರ ಬರುವುದೆಲ್ಲ ಕಹಿ. ನನ್ನ ಮೊದಲ ಮೋಕಾ ದೊಡ್ಡ ಉರಿಯಲ್ಲಿ, ಫೋನಿನಲ್ಲಿ ಮಾತಾಡುತ್ತಾ ಮಾಡಿದ್ದು. ಗೋಡೆಯ ಮೇಲಿನ ಕಲೆ ಸುಣ್ಣ ಬಳಿಸುವ ತನಕ ಇತ್ತು.

ಚಿಕೋರಿ ಪುಡಿ ಇದಕ್ಕೆ ಯಾಕೆ ಬೇಡ ಅಂದರೆ, ಉಬ್ಬಿ ದಾರಿ ಕಟ್ಟುತ್ತದೆ, ಒಳಗೆ ಒತ್ತಡ ಏರುತ್ತದೆ. ವಾಲ್ವ್ ಇರುವುದೇ ಅಂಥ ಹೊತ್ತಿಗೆ. ಅದಕ್ಕೆ ಕೆಲಸ ಕೊಡದಿರುವುದು ಒಳ್ಳೆಯದು.

ಬೇಸಿಗೆಗೆ ಕೋಲ್ಡ್ ಬ್ರೂ: 60 ಗ್ರಾಂ ದಪ್ಪ ಪುಡಿ, ಅರ್ಧ ಲೀಟರ್ ತಣ್ಣೀರು, ಫ್ರಿಜ್ಜಿನಲ್ಲಿ 14-16 ಗಂಟೆ, ಬಟ್ಟೆಯಲ್ಲಿ ಸೋಸಿ, ನೀರು ಅಥವಾ ತಣ್ಣನೆ ಹಾಲು ಬೆರೆಸಿ ಕುಡಿಯಿರಿ. ಹುಳಿಯೂ ಕಹಿಯೂ ಕಡಿಮೆ. ಎಸ್‌ಪ್ರೆಸೊ ಯಂತ್ರದ ಮಾತು ಬೇಡ. ಅದು ಹವ್ಯಾಸ ಅಲ್ಲ, ಸಂಸಾರ.

ಮನೆಯದೇ ಬೀಜ ಇದ್ದರೆ

ತೋಟದವರಿಗೆ ಒಂದು ಮಾತು. ಸಿಪ್ಪೆ ತೆಗೆದ, ಚೆನ್ನಾಗಿ ಒಣಗಿದ ಬೀಜ 200 ಗ್ರಾಂ ತೆಗೆದುಕೊಳ್ಳಿ. ಕಪ್ಪಾದ, ತೂತು ಬಿದ್ದ, ಒಡೆದ ಬೀಜ ಆರಿಸಿ ತೆಗೆಯಿರಿ. ಕಬ್ಬಿಣದ ಬಾಣಲೆ ಕಾದ ಮೇಲೆ ಹಾಕಿ, ಮಧ್ಯಮ ಉರಿಯಲ್ಲಿ ಕೈ ಬಿಡದೆ ತಿರುವಿ. ಹಸಿರು ಹೋಗಿ ಹಳದಿ, ಆಮೇಲೆ ಕಂದು. ಹತ್ತು ನಿಮಿಷದ ಆಸುಪಾಸಿನಲ್ಲಿ ಅರಳು ಸಿಡಿದಂತೆ ಚಟ್ ಚಟ್ ಅನ್ನುತ್ತದೆ. ಸದ್ದು ನಿಂತ ಮೇಲೆ ಒಂದೆರಡು ನಿಮಿಷ ಸಾಕು. ಎಣ್ಣೆ ಬಿಟ್ಟು ಹೊಳೆಯುವ ತನಕ ಹುರಿಯಬೇಡಿ. ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಇನ್ನೂ ಹುರಿಯುತ್ತದೆ, ಕೂಡಲೇ ಮೊರಕ್ಕೆ ಸುರಿದು ಕೇರಿ. ಹೊಟ್ಟೂ ಹಾರಿತು, ಬೀಜವೂ ತಣ್ಣಗಾಯಿತು. ಹೊಗೆ ಬರುತ್ತದೆ, ಹಿತ್ತಲಲ್ಲಿ ಮಾಡಿ. ಅವತ್ತೇ ಬೀಸಿ ಕುಡಿಯುವ ಆಸೆ ಆಗುತ್ತದೆ, ಒಂದೆರಡು ದಿನ ತಡೆಯಿರಿ. ಬೀಜದ ಗಾಳಿ ಹೋಗಲಿ.

ರುಚಿ ಕೆಟ್ಟಾಗ

ನಾಲಿಗೆಯನ್ನೇ ಕೇಳಿ. ಹುಳಿ, ಸಪ್ಪೆ, ಬಾಯಲ್ಲಿ ನಿಲ್ಲುವುದಿಲ್ಲ ಅಂದರೆ ರುಚಿ ಪೂರ್ತಿ ಇಳಿದಿಲ್ಲ. ಮುಂದಿನ ಸಲ ಸ್ವಲ್ಪ ನುಣ್ಣಗೆ ಬೀಸಿ, ಅಥವಾ ನೀರು ಇನ್ನೂ ಬಿಸಿ ಇರಲಿ. ಕಹಿ, ಎಳೆ ಅಡಿಕೆ ಜಗಿದ ಹಾಗೆ ಒಗರು, ನಾಲಿಗೆ ಒಣಗುತ್ತದೆ ಅಂದರೆ ಜಾಸ್ತಿ ಇಳಿದಿದೆ. ದಪ್ಪ ತರಿ ಮಾಡಿ, ಹೊತ್ತು ಕಡಿಮೆ ಮಾಡಿ. ರುಚಿ ಸರಿ ಇದೆ, ತೆಳು ಅಷ್ಟೇ ಅಂದರೆ ತರಿ ಮುಟ್ಟಬೇಡಿ, ಪುಡಿ ಎರಡು ಮೂರು ಗ್ರಾಂ ಹೆಚ್ಚಿಸಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಪುಡಿ, ನೀರು, ತರಿ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ನಾನು ಕ್ಯಾಲೆಂಡರ್ ಮೇಲೆ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ, ಹಾಲಿನ ಲೆಕ್ಕದ ಪಕ್ಕದಲ್ಲೇ.

ಕೊನೆಗೆ ತೊಳೆಯುವುದು. ಯಾವ ಪಾತ್ರೆಯೇ ಆಗಲಿ ಬಳಸಿದ ಕೂಡಲೇ ತೊಳೆಯಿರಿ. ಕಾಫಿಯ ಎಣ್ಣೆ ಒಣಗಿ ಕೂತರೆ ಮಾರನೇ ದಿನ ಹಳಸಲು ವಾಸನೆ. ಅಲ್ಯೂಮಿನಿಯಂ ಮೋಕಾ ಪಾಟ್‌ಗೆ ಹುಣಸೆಹಣ್ಣು, ತಂತಿ ನಾರು ಎರಡೂ ಬೇಡ, ಬಿಸಿ ನೀರು ಮತ್ತು ಕೈ ಸಾಕು. ಚರಟವನ್ನು ಸಿಂಕಿಗೆ ಸುರಿಯಬೇಡಿ, ಪೈಪ್ ಕಟ್ಟುತ್ತದೆ. ಗೊಬ್ಬರದ ಗುಂಡಿಗೆ ಹಾಕಿ, ಅಥವಾ ಕುಂಡದ ಮಣ್ಣಿಗೆ ತೆಳುವಾಗಿ ಬೆರೆಸಿ. ದಪ್ಪಗೆ ಹರಡಿದರೆ ಮಳೆಗಾಲದಲ್ಲಿ ಮೇಲೆಲ್ಲ ಬೂಷ್ಟು ಹಿಡಿಯುತ್ತದೆ.